ಗೆಳತಿ ಸುಮ್ಮನಿದ್ದರೇ ಕಥೆ

ವಯಸ್ಸಾದ ಹೆಂಗಸರು ಒಂದೇ ಮನೆಯಲ್ಲಿರುವ ಕೋಜಿ ಮಿಸ್ಟರಿ (ರಕ್ತಪಾತ ತೋರಿಸದ, ಮನೆ-ನೆರೆಹೊರೆಯೊಳಗೇ ನಡೆಯುವ ಹಗುರ ಪತ್ತೇದಾರಿ ಕಥೆ) ಬರೆಯುವಾಗ ಗೆಳೆತನ ಎಷ್ಟಿರಬೇಕು, ರಹಸ್ಯ ಎಷ್ಟಿರಬೇಕು ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕುತ್ತಾ ನಾನು 2 ವರ್ಷ ಕಳೆದೆ.

ನನ್ನ ಕಾದಂಬರಿಯಲ್ಲಿ ಮೂವರು, ಎಲ್ಲರೂ 65 ದಾಟಿದವರು. ಪಕ್ಕದ ಮನೆಯಲ್ಲಿ ಕೊಲೆಯಾದ ರಾತ್ರಿ ಒಬ್ಬಳು ಕೆಸರು ಮೆತ್ತಿದ ಚಪ್ಪಲಿಯಲ್ಲಿ ಹಿಂಬಾಗಿಲಿಂದ ಒಳಗೆ ಬರುತ್ತಾಳೆ. ಇನ್ನೊಬ್ಬಳು ನೋಡುತ್ತಾಳೆ. ನಾನು ಎಡವಿದ್ದು ಇಲ್ಲೇ. ನೋಡಿದವಳು ಬೆಳಿಗ್ಗೆ ಎದ್ದವಳೇ "ರಾತ್ರಿ ಎಲ್ಲಿ ಹೋಗಿದ್ದೆ ಕಣೇ?" ಅಂತ ಕೇಳಿಬಿಟ್ಟಳು. ಇವಳೂ ಹೇಳಿಬಿಟ್ಟಳು. ಮೂವರೂ ನಕ್ಕರು. ಆಪ್ತ ಗೆಳತಿಯರು ಏನನ್ನೂ ಮುಚ್ಚಿಡುವುದಿಲ್ಲ ಅಂತ ನಾನು ನಂಬಿದ್ದೆ ನೋಡಿ! ಒಂದು ಸುಳಿವು ಹಾಳಾಗಿದ್ದರೆ ಪರವಾಗಿರಲಿಲ್ಲ. ಆದರೆ ಮೂವರೂ ಎಲ್ಲವನ್ನೂ ಹೇಳಿಕೊಂಡ ಮೇಲೆ ಅವರಲ್ಲಿ ಯಾರ ಮೇಲೂ ಓದುಗರಿಗೆ ಅನುಮಾನ ಉಳಿಯಲಿಲ್ಲ, ಉಳಿದದ್ದು ಆಸ್ತಿ ಪತ್ರ ಕೇಳಿಕೊಂಡು ಬಂದಿದ್ದ ಅಣ್ಣನ ಮಗ ಒಬ್ಬನೇ. 5 ಅಧ್ಯಾಯ ಓದಿದ ನನ್ನ ಚಿಕ್ಕಮ್ಮ ಫೋನ್ ಮಾಡಿ "ಅವನೇ ತಾನೇ?" ಅಂದರು. ಅವನೇ ಆಗಿದ್ದ.

ಆಮೇಲೆ ಬದಲಾಯಿಸಿದ್ದು ಅದೊಂದೇ ದೃಶ್ಯ. ನೋಡಿದವಳು ಏನೂ ಕೇಳುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಸುಮ್ನೆ ಹೋಗಿ ಆ ಚಪ್ಪಲಿ ತೊಳೆದಿಡುತ್ತಾಳೆ. ಗೆಳತಿಯನ್ನು ಕಾಪಾಡೋಕಾ, ಅಥವಾ ತನ್ನದೇ ಏನಾದರೂ ಮುಚ್ಚೋಕಾ? ಬೆಳಿಗ್ಗೆ ಮೂರನೆಯವಳ ಕಣ್ಣಿಗೆ ಒದ್ದೆ ಚಪ್ಪಲಿ ಬೀಳುತ್ತದೆ. ಮಳೆ ಬಂದಿರಲಿಲ್ಲವಲ್ಲ ಅಂದುಕೊಳ್ಳುತ್ತಾಳೆ, ಅವಳೂ ಬಾಯಿ ಬಿಡುವುದಿಲ್ಲ.

ಹಾಗಾಗಿ ನಿಮ್ಮ 'ಎಷ್ಟೆಷ್ಟು' ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎರಡೂ ಬೇರೆ ಬೇರೆ ಡಬ್ಬಿಯಲ್ಲಿಲ್ಲ. ಅಗಾಥಾ ಕ್ರಿಸ್ಟಿಯವರ 'ಎ ಮರ್ಡರ್ ಈಸ್ ಅನೌನ್ಸ್ಡ್' (1950) ನೋಡಿ. ಮನೆಯೊಡತಿಯ ಜೊತೆ ಇರುವ ಶಾಲಾ ದಿನಗಳ ಗೆಳತಿ ಅವಳನ್ನು ಕರೆಯುವಾಗ ಆಗಾಗ ಒಂದಕ್ಷರ ತಪ್ಪುತ್ತಾಳೆ. ವಯಸ್ಸಾಯ್ತು, ಮರೆವು ಅಂತ ನಾವು ಮುಂದೆ ಹೋಗಿಬಿಡುತ್ತೇವೆ. (ಓದಿಲ್ಲದವರಿಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ.) ಅಷ್ಟು ಹಳೆಯ ಸಲಿಗೆ ಇಲ್ಲದಿದ್ದರೆ ಆ ತಪ್ಪು ಬಾಯಿಗೆ ಬರುತ್ತಿತ್ತಾ?

ಇನ್ನು ಅಡುಗೆಮನೆ ಜಗಳ, ದೀಪ ಆರಿಸಿಲ್ಲ ಅನ್ನೋ ಗೊಣಗಾಟ ಎಲ್ಲ ಬರೀ ಮುದ್ದಿಗೆ ಬೇಡ. ದೀಪ ಮರೆಯುವವಳು ಒಂದು ರಾತ್ರಿ ಆರಿಸಿದ್ದರೆ ಮಾತ್ರ ಆ ಗೊಣಗಾಟ ಇಟ್ಟುಕೊಳ್ಳಿ.

ಚಪ್ಪಲಿ ಯಾಕೆ ತೊಳೆದಳು ಅಂತ ಈಗ 19ನೇ ಅಧ್ಯಾಯದವರೆಗೂ ಹೇಳುವುದಿಲ್ಲ. ಚಿಕ್ಕಮ್ಮ ಈ ಸಲ ಅಲ್ಲಿಯವರೆಗೆ ಫೋನ್ ಮಾಡಲಿಲ್ಲ.