ಓದುಗರ ಪ್ರಶ್ನೆ: ಡೆಫಿನಿಷನ್ ಎಲ್ಲ ಬರುತ್ತೆ, ಅಂಕ ಯಾಕೆ ಬರಲ್ಲ?

ಅಮೆರಿಕದ ಟೆಕ್ಸಾಸ್‌ನ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೇ ಕ್ಲಾಸಿಗೆ ವಿಜ್ಞಾನ ಕಲಿಸುವ, ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಶಿಕ್ಷಕಿ ಈ ಸಲದ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಬೆಂಗಳೂರಿನಿಂದ ಬಂದು ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿ ಇದ್ದೇವೆ. ಮಗ ಐದನೇ ಕ್ಲಾಸು. ಏಪ್ರಿಲ್‌ನಲ್ಲಿ ಅವನಿಗೆ ಟೆಕ್ಸಾಸ್ ರಾಜ್ಯ ನಡೆಸುವ ಸ್ಟಾರ್ ವಿಜ್ಞಾನ ಪರೀಕ್ಷೆ ಇದೆ. ಊರಲ್ಲಿದ್ದಾಗ ಯಾವಾಗಲೂ ಒಳ್ಳೆ ಅಂಕ ತೆಗೆಯುತ್ತಿದ್ದ. ಈಗಲೂ ಡೆಫಿನಿಷನ್ ಕೇಳಿದರೆ ಪಟಪಟ ಹೇಳುತ್ತಾನೆ. ಆದರೆ ಶಾಲೆಯ ಪ್ರಾಕ್ಟೀಸ್ ಟೆಸ್ಟ್‌ನಲ್ಲಿ ಅರವತ್ತು ದಾಟುತ್ತಿಲ್ಲ. ನಮ್ಮ ಮಾವನವರು ಊರಿಂದ ಬರುವಾಗ ಎರಡು ಗೈಡ್ ತಂದಿದ್ದಾರೆ, ದಿನಾ ಕೂರಿಸಿಕೊಂಡು ಓದಿಸುತ್ತಾರೆ. ಇನ್ನೂ ಯಾವ ಪುಸ್ತಕ ತರಿಸಲಿ? ಟ್ಯೂಷನ್‌ಗೆ ಹಾಕಬೇಕಾ? ಫೇಲಾದರೆ ಅದೇ ಕ್ಲಾಸಲ್ಲಿ ಉಳಿಸಿಬಿಡುತ್ತಾರಾ?

ಉತ್ತರ: ಮೊದಲು ಭಯದ ಮಾತು ಮುಗಿಸೋಣ. ಈ ಪರೀಕ್ಷೆಯ ಅಂಕ ನೋಡಿ ನಿಮ್ಮ ಮಗನನ್ನು ಐದರಲ್ಲೇ ಉಳಿಸುವುದಿಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಪ್ರತಿ ರಾಜ್ಯವೂ ಮೂರರಿಂದ ಐದನೇ ಕ್ಲಾಸಿನ ಒಳಗೆ ಒಮ್ಮೆಯಾದರೂ ವಿಜ್ಞಾನದ ಪರೀಕ್ಷೆ ಮಾಡಲೇಬೇಕು. ಟೆಕ್ಸಾಸ್ ಅದಕ್ಕೆ ಐದನೇ ಕ್ಲಾಸನ್ನು ಇಟ್ಟುಕೊಂಡಿದೆ. ಶಾಲೆಗೆ ಎ ಯಿಂದ ಎಫ್ ವರೆಗೆ ಗ್ರೇಡ್ ಕೊಡುವಾಗ ಈ ಫಲಿತಾಂಶವನ್ನೂ ನೋಡುತ್ತಾರೆ. ಅದಕ್ಕೇ ಮಾರ್ಚ್ ಬಂತೆಂದರೆ ಶಾಲೆಯಲ್ಲಿ ಬಿಸಿ ಏರುತ್ತದೆ. ಆ ಬಿಸಿ ನಮ್ಮಂಥ ಟೀಚರ್‌ಗಳಿಗೆ ಇರಲಿ, ಹತ್ತು ವರ್ಷದ ಮಗುವಿನ ಮೇಲೆ ಹಾಕಬೇಡಿ. ಫಲಿತಾಂಶ ನಾಲ್ಕು ಮಟ್ಟದಲ್ಲಿ ಬರುತ್ತದೆ, ಕೆಳಗಿನಿಂದ ಮೇಲಕ್ಕೆ: ಡಿಡ್ ನಾಟ್ ಮೀಟ್, ಅಪ್ರೋಚಸ್, ಮೀಟ್ಸ್, ಮಾಸ್ಟರ್ಸ್. ಅಪ್ರೋಚಸ್ ಬಂದರೂ ಪಾಸೇ.

ಇನ್ನು ಅರವತ್ತರ ವಿಷಯ. ನಿಮ್ಮ ಮಗ ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಅವನು ಓದುತ್ತಿರುವುದು ಒಂದು, ಪರೀಕ್ಷೆ ಕೇಳುತ್ತಿರುವುದು ಇನ್ನೊಂದು. ಅಷ್ಟೇ.

ಸ್ಟಾರ್ ಪರೀಕ್ಷೆಯಲ್ಲಿ 'ದ್ರಾವಣ ಎಂದರೇನು?' ಅಂತ ಕೇಳುವುದು ಅಪರೂಪ. ಒಂದು ಕೋಷ್ಟಕ ಕೊಡುತ್ತಾರೆ, ಇಲ್ಲ ಒಂದು ಚಿತ್ರ ಕೊಡುತ್ತಾರೆ. ಯಾರೋ ಒಬ್ಬ ವಿದ್ಯಾರ್ಥಿ ಏನೋ ಪ್ರಯೋಗ ಮಾಡಿದ್ದಾನೆ, ಇಂತಿಂಥ ಅಳತೆ ಬಂದಿದೆ, ಇದರಿಂದ ಏನು ಗೊತ್ತಾಗುತ್ತದೆ ಅಂತ ಕೇಳುತ್ತಾರೆ. 2023ರಿಂದ ಪರೀಕ್ಷೆಯ ರೂಪವೂ ಬದಲಾಗಿದೆ. ಬಹು ಆಯ್ಕೆಯ ಪ್ರಶ್ನೆಗಳಿಗೆ ನೂರಕ್ಕೆ 75ಕ್ಕಿಂತ ಜಾಸ್ತಿ ಅಂಕ ಇರಬಾರದು ಅನ್ನುವ ನಿಯಮ ಬಂದಿದೆ. ಉಳಿದದ್ದರಲ್ಲಿ ಚಿತ್ರದ ಮೇಲೆ ಸರಿಯಾದ ಜಾಗ ಒತ್ತಬೇಕು, ಪದಗಳನ್ನು ಎಳೆದು ಜೋಡಿಸಬೇಕು, ಎರಡು ಮೂರು ವಾಕ್ಯದಲ್ಲಿ ಉತ್ತರ ಟೈಪ್ ಮಾಡಬೇಕು. 2024-25ರಿಂದ ಪಠ್ಯಕ್ರಮವೂ ಹೊಸದು. ಅದರಲ್ಲಿ ನಾಲ್ಕು ಮತ್ತು ಐದನೇ ಕ್ಲಾಸಿನ ವಿಜ್ಞಾನದ ಸಮಯದಲ್ಲಿ ಅರ್ಧದಷ್ಟಾದರೂ ಕೈಯಾರೆ ಮಾಡುವ ಪ್ರಯೋಗಕ್ಕೇ ಹೋಗಬೇಕು ಅಂತಿದೆ. ಗೈಡ್ ಓದಿ ಹೋದ ಹುಡುಗ ಇಲ್ಲಿ ತಡವರಿಸುವುದು ಸಹಜ ಅಲ್ವಾ?

ನಿಮ್ಮ ಅಡುಗೆಮನೆಯಲ್ಲೇ ಒಂದು ಪ್ರಯೋಗ ಮಾಡಿ. ಕಿಚನ್ ಸ್ಕೇಲ್ ಇದ್ದರೆ ಸಾಕು. ಖಾಲಿ ಲೋಟ ಇಟ್ಟು ಸ್ಕೇಲನ್ನು ಸೊನ್ನೆಗೆ ತನ್ನಿ. 200 ಗ್ರಾಂ ನೀರು ಹಾಕಿ. ಪಕ್ಕದಲ್ಲಿ 20 ಗ್ರಾಂ ಪುಡಿ ಉಪ್ಪು ತೂಗಿಟ್ಟುಕೊಳ್ಳಿ. ಈಗ ಮಗನನ್ನು ಕೇಳಿ: 'ಉಪ್ಪೆಲ್ಲ ಕರಗಿದ ಮೇಲೆ ಸ್ಕೇಲ್ ಎಷ್ಟು ತೋರಿಸುತ್ತೆ?' ಅವನ ಉತ್ತರವನ್ನು ಒಂದು ಚೀಟಿಯಲ್ಲಿ ಅವನ ಕೈಯಲ್ಲೇ ಬರೆಸಿ. ಆಮೇಲೆ ಉಪ್ಪು ಹಾಕಿ, ಕಲಕಿ. ಚಮಚ ತೆಗೆಯುವ ಮೊದಲು ಅದಕ್ಕೆ ಅಂಟಿದ ಹನಿ ಲೋಟಕ್ಕೇ ಬೀಳಲಿ. ತೂಕ ನೋಡಿ.

ಪ್ರತಿ ವರ್ಷ ನನ್ನ ಕ್ಲಾಸಲ್ಲಿ ಬಹಳ ಮಕ್ಕಳು 200 ಅಂತಲೇ ಬರೆಯುತ್ತಾರೆ. 'ಉಪ್ಪು ಹೋಯ್ತಲ್ಲ ಮಿಸ್' ಅನ್ನುತ್ತಾರೆ. ಇವರಲ್ಲಿ ಹಿಂದಿನ ದಿನವಷ್ಟೇ ಡೆಫಿನಿಷನ್ ಬರೆದು ಪೂರ್ತಿ ಅಂಕ ತೆಗೆದವರೂ ಇರುತ್ತಾರೆ. ಸ್ಕೇಲ್ ಮೇಲೆ 220 ಕಂಡಾಗ ಅವರ ಮುಖ ನೋಡಬೇಕು! ಕೆಲವರು ಸ್ಕೇಲೇ ಸರಿಯಿಲ್ಲ ಅನ್ನುತ್ತಾರೆ. ಆಗ ಇನ್ನೊಂದು ಸಲ ತೂಗಿಸುತ್ತೇನೆ. ವಾದ ಮಾಡುವ ಮಗುವನ್ನು ನಾನು ತಡೆಯುವುದಿಲ್ಲ, ಅದೇ ನನಗೆ ಬೇಕಾದದ್ದು.

ಅಲ್ಲಿಗೆ ನಿಲ್ಲಿಸಬೇಡಿ. ಆ ನೀರನ್ನು ಸ್ವಲ್ಪ ಅಗಲವಾದ ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಿಗಿಡಿ. ನೀರು ಆರಿದ ಮೇಲೆ ತಳದಲ್ಲಿ ಬಿಳಿ ಹರಳು ಉಳಿಯುತ್ತದೆ. ಉಪ್ಪು ಎಲ್ಲೂ ಹೋಗಿರಲಿಲ್ಲ ಅನ್ನುವುದಕ್ಕೆ ಅವನ ಕಣ್ಣೆದುರೇ ಎರಡು ಸಾಕ್ಷಿ ಸಿಕ್ಕಿತು. ಒಂದು ತೂಕ, ಇನ್ನೊಂದು ಹರಳು.

ಈಗ ಬರೆಸುವ ಕೆಲಸ. ಜಾಸ್ತಿ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. 'ಉಪ್ಪು ಕರಗಿದ ಮೇಲೂ ಇದೆ ಅಂತ ಹೇಗೆ ಹೇಳುತ್ತೀಯ?' ಅಂತ ಕೇಳಿದರೆ, ಗೈಡ್ ಓದಿದ ಮಗು 'ಕನ್ಸರ್ವೇಷನ್ ಆಫ್ ಮ್ಯಾಟರ್' (ವಸ್ತು ಇಲ್ಲವಾಗುವುದಿಲ್ಲ ಅನ್ನುವ ನಿಯಮ) ಅಂತ ಬರೆದು ಕೈ ಎತ್ತಿಬಿಡುತ್ತದೆ. ಅದು ಹೆಸರು ಮಾತ್ರ, ಉತ್ತರ ಅಲ್ಲ. 'ಉಪ್ಪು ನೀರಿನಲ್ಲೇ ಇದೆ. ನೀರು 200 ಗ್ರಾಂ, ಉಪ್ಪು 20 ಗ್ರಾಂ ಇತ್ತು, ಕಲಸಿದ ಮೇಲೆ 220 ಗ್ರಾಂ ಬಂತು. ಉಪ್ಪು ಇಲ್ಲವಾಗಿದ್ದರೆ ತೂಕ 200 ಇರಬೇಕಿತ್ತು.' ಇದು ಉತ್ತರ. ಇಲ್ಲಿಯ ಶಾಲೆಗಳಲ್ಲಿ ಇದನ್ನೇ ಕ್ಲೇಮ್, ಎವಿಡೆನ್ಸ್, ರೀಸನಿಂಗ್ ಅನ್ನುತ್ತೇವೆ. ನೀವು ಮನೆಯಲ್ಲಿ ಅಷ್ಟು ದೊಡ್ಡ ಹೆಸರು ಇಡಬೇಕಾಗಿಲ್ಲ. 'ಏನು ಹೇಳ್ತೀಯ, ಏನು ನೋಡಿದೆ, ಅದಕ್ಕೂ ಇದಕ್ಕೂ ಏನು ಸಂಬಂಧ' ಅಂತ ಮೂರು ಸಲ ಕೇಳಿದರೆ ಸಾಕು.

ಮಾವನವರು ಮನೆಯಲ್ಲಿರುವುದು ನಿಮ್ಮ ಪುಣ್ಯ. ಗೈಡ್ ಬದಿಗಿಟ್ಟು ಅವರಿಗೆ ಒಂದು ಕೆಲಸ ಕೊಡಿ. ಭಾನುವಾರ ಹೂಕುಂಡದಲ್ಲಿ ಒಂದು ಕೋಲು ನೆಟ್ಟು ಡ್ರೈವ್‌ವೇ ಮೇಲೆ ಇಡಲಿ. ಬೆಳಿಗ್ಗೆ ಹತ್ತರಿಂದ ಅಜ್ಜ, ಮೊಮ್ಮಗ ಸೇರಿ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಭೂಮಿ ತನ್ನ ಸುತ್ತ ತಾನೇ ತಿರುಗುವುದರಿಂದ ಸೂರ್ಯ ಸರಿದಂತೆ ಕಾಣುತ್ತಾನೆ, ನೆರಳು ಬದಲಾಗುತ್ತದೆ. ಇದು ಐದನೇ ಕ್ಲಾಸಿನ ಪಾಠ. ನೆರಳು ಎಲ್ಲಕ್ಕಿಂತ ಗಿಡ್ಡ ಆಗುವುದು ಹನ್ನೆರಡಕ್ಕೆ ಅಂತ ಇಬ್ಬರೂ ಕಾಯುತ್ತಾರೆ. ಆಗುವುದಿಲ್ಲ. ಏಪ್ರಿಲ್‌ನಲ್ಲಿ ಡಲ್ಲಾಸ್ ಕಡೆ ಅದು ಆಗುವುದು ಹೆಚ್ಚುಕಮ್ಮಿ ಮಧ್ಯಾಹ್ನ ಒಂದೂವರೆಗೆ. ಬೇಸಿಗೆ ಸಮಯ ಅಂತ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ. ಜೊತೆಗೆ ಈ ಭಾಗದ ಗಡಿಯಾರ 90 ಡಿಗ್ರಿ ಪಶ್ಚಿಮ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತದೆ. ಡಲ್ಲಾಸ್ ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಇನ್ನೂ ಸುಮಾರು ಅರ್ಧ ಗಂಟೆ ತಡ. ಇದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಆದರೆ 'ಯಾಕೆ ಹನ್ನೆರಡಕ್ಕೆ ಆಗಲಿಲ್ಲ?' ಅಂತ ತಾನಾಗಿ ಕೇಳಿದ ಮಗುವಿಗೆ ಪರೀಕ್ಷೆಯ ನೆರಳಿನ ಪ್ರಶ್ನೆ ಕಷ್ಟವೇ ಅಲ್ಲ.

ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ಮಧ್ಯಾಹ್ನ 12.20ರ ಆಸುಪಾಸು ಸೂರ್ಯ ನೆತ್ತಿಯ ಮೇಲೆ ನೇರ ಬಂದು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿರುವ ನೆಂಟರಿಗೆ ಒಂದು ಫೋಟೊ ಕಳಿಸಲು ಹೇಳಿ, ಪರೀಕ್ಷೆ ಮುಗಿದಿದ್ದರೂ ಸರಿ. ಅವರು ಫೋಟೊ ತೆಗೆಯುವಾಗ ನಿಮ್ಮಲ್ಲಿ ರಾತ್ರಿ ಒಂದು ಐವತ್ತು. ಹಗಲು ರಾತ್ರಿ ಹೇಗಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನ್ನ ಹತ್ತಿರ ಇಲ್ಲ. ಡಲ್ಲಾಸ್‌ನಲ್ಲಿ ಅಂಥ ದಿನ ಬರುವುದೇ ಇಲ್ಲ, ಅದು ಕರ್ಕಾಟಕ ವೃತ್ತದಿಂದ ಬಹಳ ಉತ್ತರಕ್ಕಿದೆ. ಅಜ್ಜ ಭೂಗೋಳ ಹಿಡಿದು ತೋರಿಸಲಿ.

ಪುಸ್ತಕ ಬೇಡ. ಟೆಕ್ಸಾಸ್ ಶಿಕ್ಷಣ ಇಲಾಖೆ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಅಭ್ಯಾಸ ಪರೀಕ್ಷೆಗಳನ್ನೂ ತನ್ನ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಹಾಕಿದೆ. ಕಂಪ್ಯೂಟರಿನಲ್ಲೇ ಮಾಡಿಸಿ, ಪ್ರಿಂಟ್ ತೆಗೆಯಬೇಡಿ. ಎಳೆಯುವುದು, ಒತ್ತುವುದು, ಟೈಪ್ ಮಾಡುವುದು ಎಲ್ಲ ಕೈಗೆ ರೂಢಿಯಾಗಬೇಕು. ಒಂದು ಸಲಕ್ಕೆ ನಾಲ್ಕೈದು ಪ್ರಶ್ನೆ ಸಾಕು. ತಪ್ಪಾದ ಪ್ರಶ್ನೆಯ ಮುಂದೆ ಕೂತು 'ಯಾಕೆ ಇದನ್ನು ಆರಿಸಿದೆ?' ಅಂತ ಮೆತ್ತಗೆ ಕೇಳಿ, ಅವನು ಹೇಳಿ ಮುಗಿಸುವವರೆಗೆ ಸುಮ್ನೆ ಇರಿ. ಟ್ಯೂಷನ್‌ನಲ್ಲಿ ದುಡ್ಡು ಕೊಟ್ಟರೂ ಇಷ್ಟು ಹೊತ್ತು ಯಾರೂ ಕೇಳಿಸಿಕೊಳ್ಳುವುದಿಲ್ಲ.

ರಜೆ ಸಿಕ್ಕರೆ ಗ್ಲೆನ್ ರೋಸ್ ಹತ್ತಿರದ ಡೈನೋಸಾರ್ ವ್ಯಾಲಿ ಸ್ಟೇಟ್ ಪಾರ್ಕಿಗೆ ಹೋಗಿ ಬನ್ನಿ. ಪಲಕ್ಸಿ ನದಿಯ ಸುಣ್ಣಕಲ್ಲಿನ ತಳದಲ್ಲಿ ಡೈನೋಸಾರ್ ಹೆಜ್ಜೆ ಗುರುತುಗಳಿವೆ. ನೀರು ಕಡಿಮೆ ಇರುವಾಗ ಅದರ ಪಕ್ಕದಲ್ಲಿ ಮಗ ತನ್ನ ಪಾದ ಇಟ್ಟು ನೋಡಬಹುದು. ಕೆಸರು ಪದರ ಪದರವಾಗಿ ಕೂತು ಕಲ್ಲಾಗುವುದು ಅವನ ಪಾಠದಲ್ಲೇ ಇದೆ.

ಪ್ರಶ್ನೆ: ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನಲ್ಲಿದ್ದೇವೆ. ಮಗಳು ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಳು, ಇಲ್ಲಿಗೆ ಬಂದು ಇನ್ನೂ ವರ್ಷ ಆಗಿಲ್ಲ. ವಿಜ್ಞಾನ ಗೊತ್ತು, ಇಂಗ್ಲಿಷ್ ಪ್ರಶ್ನೆ ಓದುವುದರಲ್ಲೇ ಸಮಯ ಹೋಗುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಕಾರಣ ಹುಡುಕುವುದನ್ನು ಮಗು ಕಲಿಯುವುದು ತನಗೆ ಸಲೀಸಾಗಿ ಬರುವ ಭಾಷೆಯಲ್ಲಿ. ತೆಂಗಿನಕಾಯಿ ಅಷ್ಟು ಭಾರ ಇದ್ದರೂ ಬಕೆಟ್‌ನಲ್ಲಿ ತೇಲುತ್ತದೆ, ಹಗುರಾದ ನಾಣ್ಯ ಮುಳುಗುತ್ತದೆ. ಯಾಕೆ ಅಂತ ಅವಳು ಕನ್ನಡದಲ್ಲಿ ಚೆನ್ನಾಗಿ ಜಗಳ ಆಡಲಿ. ಅದು ತಿಳಿದ ಮೇಲೆ 'ರಿಲೇಟಿವ್ ಡೆನ್ಸಿಟಿ' (ನೀರಿಗೆ ಹೋಲಿಸಿದ ಸಾಂದ್ರತೆ) ಅನ್ನುವ ಪದ ಸೇರಿಸುವುದು ಒಂದು ಸಂಜೆಯ ಕೆಲಸ.

ಪರೀಕ್ಷೆ ಕನ್ನಡದಲ್ಲಿ ಸಿಗುವುದಿಲ್ಲ. ಇಂಗ್ಲಿಷ್ ಬಿಟ್ಟರೆ ಐದನೇ ಕ್ಲಾಸಿಗೆ ಸ್ಪ್ಯಾನಿಷ್ ಮಾತ್ರ. ಆದರೆ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗಾಗಿ ಪ್ರತಿ ಶಾಲೆಯಲ್ಲೂ ಎಲ್‌ಪ್ಯಾಕ್ ಅನ್ನುವ ಸಮಿತಿ ಇರುತ್ತದೆ. ಪ್ರಶ್ನೆಯನ್ನು ಕಂಪ್ಯೂಟರ್ ಓದಿ ಹೇಳುವ ಸೌಲಭ್ಯ, ಕಷ್ಟದ ಪದಗಳಿಗೆ ಚಿತ್ರ, ವಿವರಣೆ ಕೊಡುವ ಸೌಲಭ್ಯ ಇಂಥವು ನಿಮ್ಮ ಮಗಳಿಗೆ ಬೇಕಾ ಅಂತ ತೀರ್ಮಾನ ಮಾಡುವುದು ಈ ಸಮಿತಿ. ತಾನಾಗಿಯೇ ಸಿಗುತ್ತದೆ ಅಂತ ಕಾಯಬೇಡಿ. ಇವತ್ತೇ ಅವಳ ಟೀಚರ್‌ಗೆ ಒಂದು ಇಮೇಲ್ ಹಾಕಿ ಕೇಳಿ. ಕ್ಲಾಸಲ್ಲಿ ದಿನಾ ಬಳಸಿ ರೂಢಿಯಾದರೆ ಮಾತ್ರ ಪರೀಕ್ಷೆಯ ದಿನ ಅದು ಉಪಯೋಗಕ್ಕೆ ಬರುತ್ತದೆ. ಸಮಯದ ಚಿಂತೆ ಬಿಡಿ. ಶಾಲೆಯ ದಿನ ಮುಗಿಯುವವರೆಗೂ ಬರೆಯಲು ಬಿಡುತ್ತಾರೆ.

ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ಕೆಲವೇ: ಕಂಪೇರ್, ಪ್ರೆಡಿಕ್ಟ್, ಮೋಸ್ಟ್ ಲೈಕ್ಲಿ, ಬೆಸ್ಟ್ ಸಪೋರ್ಟ್ಸ್. ಇಷ್ಟನ್ನು ಕನ್ನಡ ಅರ್ಥದ ಸಮೇತ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕ. 2024ರ ಡಿಸೆಂಬರ್ 4ರಂದು ಮಕ್ಕಳ ಕಲಿಕೆ ಅಳೆಯಲು ದೇಶದಾದ್ಯಂತ ನಡೆದ ಪರಖ್ ಸಮೀಕ್ಷೆಯಲ್ಲಿ ಆರನೇ ತರಗತಿಗೆ ಭಾಷೆ, ಗಣಿತದ ಜೊತೆ 'ನಮ್ಮ ಸುತ್ತಲಿನ ಜಗತ್ತು' ಕೂಡ ಇತ್ತು. ನಮ್ಮ ಮಕ್ಕಳು ಪಾಠ ಒಪ್ಪಿಸುತ್ತಾರೆ, ಅಂಥ ಪ್ರಶ್ನೆ ಬಂದರೆ ಊಹೆ ಮಾಡಿ ಗುರುತು ಹಾಕುತ್ತಾರೆ. ನಿಮ್ಮಲ್ಲಿಯ ಪತ್ರಿಕೆಗಳು ನಮಗೆ ಉಪಯೋಗ ಆಗುತ್ತವೆಯೇ?

ಉತ್ತರ: ಖಂಡಿತ ಆಗುತ್ತವೆ ಸರ್. ಟೆಕ್ಸಾಸ್‌ನ ಹಳೆಯ ಪತ್ರಿಕೆಗಳನ್ನು ಇಲ್ಲಿಯ ಶಿಕ್ಷಣ ಇಲಾಖೆಯ ವೆಬ್‌ಸೈಟಿನಿಂದ ನೀವು ಇಳಿಸಿಕೊಳ್ಳಬಹುದು. ಎಲ್ಲವೂ ನಿಮಗೆ ಹೊಂದುವುದಿಲ್ಲ. ಪ್ರೇರಿ ಹುಲ್ಲುಗಾವಲು, ಅಲ್ಲಿನ ಪ್ರಾಣಿಗಳು ಇವೆಲ್ಲ ನಿಮ್ಮ ಮಕ್ಕಳಿಗೆ ದೂರದ ಮಾತು. ಆಹಾರ ಜಾಲದ ಪ್ರಶ್ನೆ ಇದ್ದರೆ ಅದರಲ್ಲಿ ಗದ್ದೆ, ಮಿಡತೆ, ಕಪ್ಪೆ, ಕೇರೆ ಹಾವು, ನವಿಲು ಹಾಕಿಕೊಳ್ಳಿ. ಪ್ರಶ್ನೆ ಕೇಳುವ ಬಗೆ ಮಾತ್ರ ಹಾಗೇ ಇರಲಿ.

ಊಹೆ ಮಾಡುವ ಅಭ್ಯಾಸ ಬಿಡಿಸಲು ನಾನು ಮಾಡುವುದು ಇಷ್ಟು. ಚಿತ್ರ ಅಥವಾ ಕೋಷ್ಟಕವನ್ನು ಮಾತ್ರ ಬೋರ್ಡಿನ ಮೇಲೆ ಬರೆಯುತ್ತೇನೆ. ಆಯ್ಕೆಗಳನ್ನು ತೋರಿಸುವುದಿಲ್ಲ, ಪ್ರಶ್ನೆಯನ್ನೂ ಹೇಳುವುದಿಲ್ಲ. 'ಏನೇನು ಕಾಣುತ್ತೆ ಹೇಳಿ' ಅನ್ನುತ್ತೇನೆ. ಹಿಂದಿನ ಸಾಲಿನಿಂದ ಶುರು ಮಾಡುತ್ತೇನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವ ಹಾಗಿಲ್ಲ. ಆಮೇಲೆ ಪ್ರಶ್ನೆ ಓದುತ್ತೇನೆ, ಪಕ್ಕದವರ ಜೊತೆ ಮಾತಾಡಿ ಸ್ವಂತ ಉತ್ತರ ಬರೆಯಲು ಬಿಡುತ್ತೇನೆ. ಆಯ್ಕೆಗಳು ಬರುವುದು ಎಲ್ಲಕ್ಕಿಂತ ಕೊನೆಗೆ. ಸರಿ ಉತ್ತರ ಸಿಕ್ಕಿದ ಮೇಲೂ ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದಕ್ಕೂ ಮಕ್ಕಳಿಂದಲೇ ಹೇಳಿಸುತ್ತೇನೆ. ಒಂದು ಪೀರಿಯಡ್‌ಗೆ ಎರಡೇ ಪ್ರಶ್ನೆ ಮುಗಿಯುತ್ತದೆ. ಮುಗಿಯಲಿ ಬಿಡಿ. ಮೊದಲ ವಾರ ಮಕ್ಕಳು ಬಾಯಿ ಬಿಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಎಂಥ ಉತ್ತರ ಬಂದರೂ ಬೋರ್ಡಿನ ಮೇಲೆ ಬರೆಯಿರಿ. ತಪ್ಪಾದ ಉತ್ತರವನ್ನೂ ಅವರ ಕೈಯಲ್ಲೇ ತಿದ್ದಿಸಿ.