ಗೆರೆಯ ಉದ್ದವನ್ನು ಅಳೆಯದೆಯೇ ಅದನ್ನು ಏಳು ಸಮಭಾಗ ಮಾಡುವ ಬಗೆ

ನೀವು ಎರಡು ವಿಷಯ ಕೇಳಿದ್ದೀರಿ. 11 ಸೆಂಟಿಮೀಟರ್ ಉದ್ದದ ಗೆರೆಯನ್ನು 7 ಸಮಭಾಗ ಮಾಡಬೇಕಾದಾಗ ಒಂದು ಭಾಗಕ್ಕೆ 1.571428… ಎಂದು ಮುಗಿಯದ ದಶಮಾಂಶ ಬರುವುದರಿಂದ, ಅಳತೆಪಟ್ಟಿಯಲ್ಲಿ ಗುರುತಿಸಲಾಗದ ಆ ಉದ್ದವನ್ನು ನಿಖರವಾಗಿ ಪಡೆಯುವುದು ಹೇಗೆ ಎಂಬುದು ಮೊದಲನೆಯದು. ಅದೇ ಉಪಾಯದಿಂದ ಕೋನವನ್ನೂ ಭಾಗ ಮಾಡಬಹುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಬಹಳ ಸುಲಭವಾದ ದಾರಿಯಿದೆ. ಅದಕ್ಕೆ ಭಾಗಾಕಾರ ಬೇಕಿಲ್ಲ, ಗೆರೆಯ ಉದ್ದ ಎಷ್ಟೆಂದು ತಿಳಿದಿರಬೇಕಾದ ಅಗತ್ಯವೂ ಇಲ್ಲ.

ದಶಮಾಂಶವನ್ನು ಹತ್ತಿರದ ಮಿಲಿಮೀಟರಿಗೆ ಸರಿಹೊಂದಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಪ್ರತಿ ಭಾಗಕ್ಕೆ 1.6 ಸೆಂಟಿಮೀಟರ್ ಇಟ್ಟುಕೊಂಡು ಹೋದರೆ ಏಳನೆಯ ಗುರುತು 11.2ಕ್ಕೆ ಬಂದು ಗೆರೆಯ ಆಚೆಗೆ ಬೀಳುತ್ತದೆ. 1.5 ಇಟ್ಟುಕೊಂಡರೆ ಆರು ಭಾಗಗಳಿಗೆ 9 ಸೆಂಟಿಮೀಟರ್ ಖರ್ಚಾಗಿ, ಕೊನೆಯ ಭಾಗಕ್ಕೆ ಪೂರ್ತಿ 2 ಸೆಂಟಿಮೀಟರ್ ಉಳಿಯುತ್ತದೆ. ಒಂದೊಂದು ಹೆಜ್ಜೆಯಲ್ಲಿ ಕಣ್ಣಿಗೆ ಕಾಣದಷ್ಟಿದ್ದ ತಪ್ಪು ಕೊನೆಯಲ್ಲಿ ಒಟ್ಟಾಗಿ ಎದುರಿಗೆ ನಿಲ್ಲುತ್ತದೆ. ಆದ್ದರಿಂದ ಭಾಗದ ಉದ್ದವನ್ನು ಹುಡುಕುವ ಯೋಚನೆಯನ್ನೇ ಬಿಡಬೇಕು. ನಮಗೆ ಇಷ್ಟಬಂದ ಉದ್ದದ ಏಳು ಸಮ ಹೆಜ್ಜೆಗಳನ್ನು ಬೇರೊಂದು ಗೆರೆಯ ಮೇಲೆ ಇಟ್ಟು, ಆ ಸಮತೆಯನ್ನು ಸಮಾಂತರ ರೇಖೆಗಳ ಮೂಲಕ ನಮ್ಮ ಗೆರೆಗೆ ದಾಟಿಸಬೇಕು. ಇಡೀ ವಿಧಾನದ ಜೀವಾಳ ಇಷ್ಟೇ.

ಗೆರೆಯ ತುದಿಗಳನ್ನು ಅ ಮತ್ತು ಬ ಎಂದು ಕರೆಯೋಣ. ಅ ಬಿಂದುವಿನಿಂದ ಹೊರಟು, ಮೂಲ ಗೆರೆಗೆ ಸುಮಾರು 40 ಡಿಗ್ರಿಯ ಲಘುಕೋನದಲ್ಲಿ, ಉದ್ದನೆಯ ಓರೆಗೆರೆಯೊಂದನ್ನು ತೆಳುವಾಗಿ ಎಳೆಯಿರಿ. ಕೈವಾರವನ್ನು ಸುಮಾರು 2 ಸೆಂಟಿಮೀಟರಿನಷ್ಟು ತೆರೆದು, ಮುಳ್ಳನ್ನು ಅ ಬಿಂದುವಿನಲ್ಲಿ ಊರಿ, ಓರೆಗೆರೆಯನ್ನು ಕತ್ತರಿಸುವ ಚಿಕ್ಕ ಕಂಸವನ್ನು ಎಳೆಯಿರಿ, ಅದು ಕ1. ಕೈವಾರದ ಅಗಲವನ್ನು ಬದಲಿಸದೆ ಮುಳ್ಳನ್ನು ಕ1ಕ್ಕೆ ಸರಿಸಿ ಕ2ನ್ನು ಗುರುತಿಸಿ, ಹೀಗೆಯೇ ಕ7ರ ವರೆಗೆ ಮುಂದುವರಿಯಿರಿ. ಈಗ ಕ7 ಮತ್ತು ಬ ಬಿಂದುಗಳನ್ನು ಸೇರಿಸಿ. ಆ ಗೆರೆಗೆ ಸಮಾಂತರವಾಗಿ ಕ6, ಕ5, ಕ4, ಕ3, ಕ2, ಕ1ರ ಮೂಲಕ ಗೆರೆಗಳನ್ನು ಎಳೆದರೆ, ಅವು ಮೂಲ ಗೆರೆಯನ್ನು ಆರು ಕಡೆ ಕತ್ತರಿಸುತ್ತವೆ. ಆ ಆರು ಬಿಂದುಗಳು ಗೆರೆಯನ್ನು ಏಳು ಸಮಭಾಗಗಳಾಗಿ ಒಡೆದಿರುತ್ತವೆ.

ಇಲ್ಲಿ ಎಲ್ಲರೂ ಎಡವುವುದು ಸಮಾಂತರ ರೇಖೆ ಎಳೆಯುವಾಗ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂಲೆಪಟ್ಟಿ (ತ್ರಿಕೋನಾಕಾರದ ಪಟ್ಟಿ) ಇದ್ದರೆ ಅದರ ಒಂದು ಅಂಚನ್ನು ಕ7 ಮತ್ತು ಬ ಸೇರಿಸುವ ಗೆರೆಗೆ ಸರಿಯಾಗಿ ಕೂಡಿಸಿ, ಇನ್ನೊಂದು ಅಂಚಿಗೆ ಅಳತೆಪಟ್ಟಿಯನ್ನು ತಾಗಿಸಿ, ಅಳತೆಪಟ್ಟಿ ಕದಲದಂತೆ ಅದುಮಿ ಹಿಡಿದುಕೊಳ್ಳಬೇಕು. ಆಮೇಲೆ ಮೂಲೆಪಟ್ಟಿಯನ್ನು ಮಾತ್ರ ಜಾರಿಸುತ್ತಾ, ಅದರ ಅಂಚು ಒಂದೊಂದು ಗುರುತಿಗೆ ಬಂದಾಗ ನಿಲ್ಲಿಸಿ ಗೆರೆ ಎಳೆಯಬೇಕು. ಪೆನ್ಸಿಲ್ಲಿನ ಮೊನೆಗೂ ಒಂದಿಷ್ಟು ದಪ್ಪ ಇರುವುದರಿಂದ ಅಂಚನ್ನು ಗುರುತಿನ ಮೇಲೆಯೇ ಇಡದೆ ಕೂದಲೆಳೆಯಷ್ಟು ಹಿಂದೆ ನಿಲ್ಲಿಸಿದರೆ, ಗೆರೆ ಕೈವಾರದ ಮುಳ್ಳು ಮಾಡಿದ ತೂತಿನ ನಡುವೆಯೇ ಹಾಯುತ್ತದೆ. ಗೆರೆಯನ್ನು ಪೂರ್ತಿ ಎಳೆಯಬೇಕಾದ ಅಗತ್ಯವಿಲ್ಲ; ಮೂಲ ಗೆರೆಯನ್ನು ದಾಟುವ ಜಾಗದಲ್ಲಿ ಒಂದು ಚಿಕ್ಕ ಗೀಟು ಸಾಕು, ಚಿತ್ರವೂ ಚೊಕ್ಕಟವಾಗಿ ಉಳಿಯುತ್ತದೆ.

ಮೂಲೆಪಟ್ಟಿ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಅ ಬಿಂದುವಿನಲ್ಲಿ ಇರುವ ಕೋನವನ್ನೇ ಬ ಬಿಂದುವಿನಲ್ಲಿ, ಮೂಲ ಗೆರೆಯ ಎದುರು ಬದಿಗೆ ನಕಲು ಮಾಡಿ ಎರಡನೆಯ ಓರೆಗೆರೆಯನ್ನು ಎಳೆಯಬೇಕು. ಪರ್ಯಾಯ ಕೋನಗಳು ಸಮವಾಗಿರುವುದರಿಂದ ಎರಡು ಓರೆಗೆರೆಗಳೂ ಸಮಾಂತರವಾಗುತ್ತವೆ. ಕೈವಾರದ ಅದೇ ಅಗಲದಿಂದ ಬ ಕಡೆಯಿಂದ ಚ1, ಚ2 ಎಂದು ಚ6ರ ವರೆಗೆ ಗುರುತಿಸಿ, ಕ1ನ್ನು ಚ6ಕ್ಕೆ, ಕ2ನ್ನು ಚ5ಕ್ಕೆ, ಕ3ನ್ನು ಚ4ಕ್ಕೆ, ಹೀಗೆ ಕೊನೆಗೆ ಕ6ನ್ನು ಚ1ಕ್ಕೆ ಸೇರಿಸಿದರೆ ಕೆಲಸ ಮುಗಿಯಿತು. ಸೇರಿಸುವ ಎರಡು ಗುರುತುಗಳ ಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ 7 ಬರುತ್ತದೆ ಎಂಬುದನ್ನು ನೆನಪಿಟ್ಟರೆ ತಪ್ಪು ಜೋಡಣೆಯಾಗದು. ಇಲ್ಲಿ ಪ್ರತಿ ಗೆರೆಗೂ ಎರಡು ನಿಶ್ಚಿತ ಬಿಂದುಗಳು ಸಿಗುತ್ತವೆ. ಸಮಾಂತರವಾಗಿದೆಯೋ ಇಲ್ಲವೋ ಎಂದು ಕೈಯ ಹಿಡಿತವನ್ನು ನಂಬಬೇಕಾಗಿಲ್ಲ.

ಇದು ಏಕೆ ಸರಿ ಎಂಬುದಕ್ಕೆ ಪಠ್ಯಪುಸ್ತಕಗಳು ಥೇಲ್ಸ್‌ನ ಪ್ರಮೇಯವನ್ನು ತೋರಿಸುತ್ತವೆ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆಯು ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ. ಆದರೆ ಸಮಭಾಗಗಳ ಮಟ್ಟಿಗೆ ಅನುಪಾತದ ಮಾತೂ ಬೇಕಿಲ್ಲ, ಸರ್ವಸಮ ತ್ರಿಭುಜಗಳೇ ಸಾಕು. ಕ1ರ ಮೂಲಕ ಎಳೆದ ಗೆರೆ ಮೂಲ ಗೆರೆಯನ್ನು ಗ1ರಲ್ಲಿ, ಕ2ರ ಮೂಲಕ ಎಳೆದದ್ದು ಗ2ರಲ್ಲಿ ಕತ್ತರಿಸಲಿ. ಗ1ರಿಂದ ಓರೆಗೆರೆಗೆ ಸಮಾಂತರವಾಗಿ ಒಂದು ಚಿಕ್ಕ ಗೆರೆ ಎಳೆದು, ಅದು ಕ2 ಮತ್ತು ಗ2 ಸೇರಿಸುವ ಗೆರೆಯನ್ನು ಮುಟ್ಟುವ ಜಾಗವನ್ನು ಮ ಎನ್ನೋಣ. ಆಗ ಕ1, ಗ1, ಮ, ಕ2 ಸೇರಿ ಸಮಾಂತರ ಚತುರ್ಭುಜವಾಗುವುದರಿಂದ, ಗ1ರಿಂದ ಮ ಬಿಂದುವಿನ ವರೆಗಿನ ಉದ್ದ ಕೈವಾರದ ಒಂದು ಹೆಜ್ಜೆಗೆ ಸಮ. ಅ ಮತ್ತು ಕ1ರ ನಡುವಿನ ಉದ್ದವೂ ಅಷ್ಟೇ. ಅ, ಕ1, ಗ1 ತ್ರಿಭುಜಕ್ಕೂ ಗ1, ಮ, ಗ2 ತ್ರಿಭುಜಕ್ಕೂ ಅನುರೂಪ ಕೋನಗಳು ಸಮವಾಗಿವೆ, ಒಂದು ಬಾಹುವೂ ಸಮವಾಗಿದೆ, ಆದ್ದರಿಂದ ಅವೆರಡೂ ಸರ್ವಸಮ. ಅಲ್ಲಿಗೆ ಅ–ಗ1 ಮತ್ತು ಗ1–ಗ2 ಸಮವೆಂದು ಸಿದ್ಧವಾಯಿತು, ಉಳಿದ ಭಾಗಗಳಿಗೂ ಇದೇ ವಾದ. ಈ ಸಾಧನೆಯಲ್ಲಿ ಹೆಜ್ಜೆಯ ಉದ್ದ 2 ಸೆಂಟಿಮೀಟರ್ ಎಂಬುದು ಎಲ್ಲಿಯೂ ಬಳಕೆಯಾಗಲಿಲ್ಲ ಎಂಬುದನ್ನು ಗಮನಿಸಿ. ಕೈವಾರದ ಅಗಲ 1.9 ಇದ್ದರೂ 2.1 ಇದ್ದರೂ ಫಲಿತಾಂಶ ಒಂದೇ. ಏಳು ಬಾರಿಯೂ ಅದು ಬದಲಾಗದೆ ಇರಬೇಕು, ಅಷ್ಟೇ.

ಹಾಗಾದರೆ ಯಾವ ಹೆಜ್ಜೆಯಾದರೂ ಒಂದೇ ಎಂದರೆ, ತತ್ತ್ವದಲ್ಲಿ ಹೌದು, ಕಾಗದದ ಮೇಲೆ ಅಲ್ಲ. ಅರ್ಧ ಸೆಂಟಿಮೀಟರಿನ ಹೆಜ್ಜೆಗಳನ್ನು ಇಟ್ಟರೆ ಕ7 ಕೇವಲ 3.5 ಸೆಂಟಿಮೀಟರ್ ದೂರದಲ್ಲಿ ನಿಲ್ಲುತ್ತದೆ. ಅಷ್ಟು ಚಿಕ್ಕ ಅಳತೆಯನ್ನು 11 ಸೆಂಟಿಮೀಟರಿಗೆ ಹಿಗ್ಗಿಸುವಾಗ ಗುರುತಿನ ತಪ್ಪೂ ಮೂರು ಪಟ್ಟು ಹಿಗ್ಗುತ್ತದೆ. ಅಲ್ಲದೆ ಸಮಾಂತರ ಗೆರೆಗಳು ಮೂಲ ಗೆರೆಯನ್ನು ಬಹಳ ಓರೆಯಾಗಿ ಕತ್ತರಿಸುವುದರಿಂದ ಛೇದನ ಬಿಂದು ಯಾವುದೆಂದು ಕಣ್ಣಿಗೆ ಸ್ಪಷ್ಟವಾಗುವುದಿಲ್ಲ. ನಾನು 2 ಸೆಂಟಿಮೀಟರ್ ಮತ್ತು 40 ಡಿಗ್ರಿ ಎಂದು ಹೇಳಿದ್ದಕ್ಕೆ ಇದೇ ಕಾರಣ: ಓರೆಗೆರೆಯಲ್ಲಿ 14 ಸೆಂಟಿಮೀಟರ್ ಆಗುತ್ತದೆ, ಕೋನ 38 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಕ7ರಿಂದ ಬ ಬಿಂದುವಿಗೆ ಬರುವ ಗೆರೆ ಮೂಲ ಗೆರೆಗೆ ಹೆಚ್ಚುಕಡಿಮೆ ಲಂಬವಾಗಿ ಇಳಿಯುತ್ತದೆ. ಲಂಬವಾಗಿ ಕತ್ತರಿಸುವ ಗೆರೆಗಳಿಗಿಂತ ಸ್ಪಷ್ಟವಾದ ಗುರುತು ಬೇರೆಯಿಲ್ಲ. ಮುಗಿದ ಮೇಲೆ ಪರೀಕ್ಷೆ ಬೇಕಿದ್ದರೆ ಕೈವಾರವನ್ನು ಅ–ಗ1ಕ್ಕೆ ತೆರೆದು ಮೂಲ ಗೆರೆಯ ಮೇಲೆ ಏಳು ಹೆಜ್ಜೆ ನಡೆಸಿ ನೋಡಿ. ಮೊದಲ ಭಾಗದಲ್ಲಿ ಏನಾದರೂ ತಪ್ಪಿದ್ದರೆ ಅದು ಏಳು ಪಟ್ಟಾಗಿ ಬ ಹತ್ತಿರ ಕಾಣಿಸಿಕೊಳ್ಳುತ್ತದೆ.

ಕೈವಾರವೂ ಇಲ್ಲದೆ, ಗುರುತುಗಳಿರುವ ಅಳತೆಪಟ್ಟಿ ಮಾತ್ರ ಕೈಯಲ್ಲಿದ್ದರೆ, ಹಲಗೆಯ ಅಗಲವನ್ನು ಭಾಗ ಮಾಡಲು ಬಡಗಿಗಳು ಬಳಸುವ ಉಪಾಯ ಉಪಯೋಗಕ್ಕೆ ಬರುತ್ತದೆ. 11 ಸೆಂಟಿಮೀಟರ್ ಅಗಲದ ಹಲಗೆಯ ಒಂದು ಅಂಚಿಗೆ ಪಟ್ಟಿಯ ಸೊನ್ನೆಯನ್ನಿಟ್ಟು, ಎದುರು ಅಂಚಿಗೆ 14 ಬರುವ ತನಕ ಪಟ್ಟಿಯನ್ನು ಓರೆ ಮಾಡಿ, 2, 4, 6, 8, 10, 12ರ ಬಳಿ ಗುರುತು ಹಾಕಿದರೆ ಆಯಿತು. ಆ ಗುರುತುಗಳ ಮೂಲಕ ಅಂಚುಗಳಿಗೆ ಸಮಾಂತರವಾಗಿ ಗೆರೆ ಎಳೆದರೆ ಹಲಗೆ ಏಳು ಸಮ ಪಟ್ಟೆಗಳಾಗುತ್ತದೆ. ಮೇಲಿನ ರಚನೆಗೂ ಇದಕ್ಕೂ ತತ್ತ್ವದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಏಳರಿಂದ ನಿಶ್ಶೇಷವಾಗಿ ಭಾಗವಾಗುವ, ಹಲಗೆಯ ಅಗಲಕ್ಕಿಂತ ದೊಡ್ಡದಾದ ಸಂಖ್ಯೆಯೊಂದನ್ನು ಆರಿಸಿಕೊಂಡರೆ ಸಾಕು.

ಸಮಭಾಗಗಳ ಬದಲು 3:4ರಂತಹ ಅನುಪಾತ ಬೇಕಿದ್ದರೆ ಕೆಲಸ ಇನ್ನೂ ಕಡಿಮೆ. ಏಳು ಹೆಜ್ಜೆಗಳನ್ನಿಟ್ಟು, ಕ3ರ ಮೂಲಕ ಮಾತ್ರ ಸಮಾಂತರ ಎಳೆದರೆ ಸಾಕು. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಎಲಿಮೆಂಟ್ಸ್ ಗ್ರಂಥದ ಆರನೆಯ ಭಾಗದ 9ನೆಯ ಪ್ರತಿಪಾದನೆಯಲ್ಲಿ ಗೆರೆಯಿಂದ ಬೇಕಾದ ಅಂಶವೊಂದನ್ನು ಕತ್ತರಿಸುವುದನ್ನೂ, 10ನೆಯದರಲ್ಲಿ ಈಗಾಗಲೇ ಭಾಗವಾಗಿರುವ ಗೆರೆಯಂತೆಯೇ ಇನ್ನೊಂದನ್ನು ಭಾಗ ಮಾಡುವುದನ್ನೂ ಹೇಳಿದ್ದಾನೆ. ಎರಡರಲ್ಲಿಯೂ ಇದೇ ಓರೆಗೆರೆ, ಇದೇ ಸಮಾಂತರ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಕೋನದ ಎರಡು ಬಾಹುಗಳ ಮೇಲೆ ಸಮ ಉದ್ದಗಳನ್ನು ಗುರುತಿಸಿ, ಆ ಬಿಂದುಗಳನ್ನು ಸೇರಿಸುವ ಗೆರೆಯನ್ನು ಮೂರು ಸಮಭಾಗ ಮಾಡಿ, ಅವುಗಳನ್ನು ಶೃಂಗಕ್ಕೆ ಸೇರಿಸಿದರೆ ಕೋನವೂ ಮೂರು ಸಮಭಾಗವಾಗುತ್ತದೆ ಎಂದು ತೋರುವುದು ಸಹಜ. ಆದರೆ ಹಾಗಾಗುವುದಿಲ್ಲ. 60 ಡಿಗ್ರಿಯ ಕೋನದಲ್ಲಿ ಹೀಗೆ ಮಾಡಿದರೆ ನಡುವಿನ ಭಾಗ ಸುಮಾರು 21.8 ಡಿಗ್ರಿಯೂ ಅಕ್ಕಪಕ್ಕದವು ಸುಮಾರು 19.1 ಡಿಗ್ರಿಯೂ ಆಗುತ್ತವೆ, ಏಕೆಂದರೆ ನಡುವಿನ ತುಂಡು ಶೃಂಗಕ್ಕೆ ಹತ್ತಿರದಲ್ಲಿದೆ ಮತ್ತು ಅದಕ್ಕೆ ನೇರವಾಗಿ ಎದುರಾಗಿದೆ. ಇದು ಈ ರಚನೆಯೊಂದರ ಕೊರತೆಯಲ್ಲ. ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಮಾತ್ರ ಬಳಸಿ ಯಾವುದೇ ಕೋನವನ್ನು ಮೂರು ಸಮಭಾಗ ಮಾಡುವ ಸಾಮಾನ್ಯ ವಿಧಾನ ಇರಲಾರದೆಂದು ಫ್ರಾನ್ಸಿನ ಗಣಿತಜ್ಞ ಪಿಯೆರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿದ. ವೃತ್ತವನ್ನು ಏಳು ಸಮಭಾಗ ಮಾಡುವುದೂ ಈ ಎರಡು ಸಾಧನಗಳಿಂದ ಆಗದ ಕೆಲಸ, 17 ಸಮಭಾಗ ಮಾಡಬಹುದೆಂದು ಜರ್ಮನಿಯ ಗಣಿತಜ್ಞ ಗೌಸ್ 1796ರಲ್ಲಿ ತೋರಿಸಿದ್ದರೂ ಸಹ. 90 ಡಿಗ್ರಿಯಂತಹ ಕೆಲವು ಕೋನಗಳನ್ನು ಮೂರು ಭಾಗ ಮಾಡಬಹುದು, ಯಾವ ಕೋನವನ್ನಾದರೂ ಎರಡು, ನಾಲ್ಕು, ಎಂಟು ಭಾಗ ಮಾಡಬಹುದು. ಅದಕ್ಕೆ ಮೀರಿದ ಭಾಗಗಳು ಬೇಕಾದಾಗ ಕೋನಮಾಪಕವನ್ನೇ ಬಳಸಿ.