‘ಸಿಂಧೂ ದಾಟಿದ ದಂಡು’ ಕಥೆಯ ಬಗ್ಗೆ

ನಮಸ್ಕಾರ.

ನಿಮ್ಮ ‘ಸಿಂಧೂ ದಾಟಿದ ದಂಡು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಆರ್ಯರು ಸಾವಿರ ರಥ ಏರಿ ಬರುತ್ತಾರೆ, ಕಬ್ಬಿಣದ ಕತ್ತಿ ಬೀಸುತ್ತಾರೆ, ಒಂದೇ ರಾತ್ರಿಯಲ್ಲಿ ಮೊಹೆಂಜೊದಾರೊ ಬೂದಿಯಾಗುತ್ತದೆ. 1940ರ ದಶಕದಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೂಡ ಅಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ನೋಡಿ ದಾಳಿ ನಡೆದಿರಬೇಕು ಅಂದುಕೊಂಡಿದ್ದರು. 1964ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಆ ಮಾತನ್ನು ತಳ್ಳಿಹಾಕಿದರು. ಆ ಎಲುಬುಗಳು ಒಂದೇ ಕಾಲದವೂ ಅಲ್ಲ. ಸಿಂಧೂ ನಗರಗಳು ಕ್ರಿ.ಪೂ. 1900ರ ಹೊತ್ತಿಗೇ ಖಾಲಿಯಾಗತೊಡಗಿದ್ದವು. ಕಬ್ಬಿಣದ ಕತ್ತಿಯ ಕಾಲವಂತೂ ಅದಲ್ಲ, ತಾಮ್ರ ಮತ್ತು ಕಂಚಿನ ಕಾಲ.

ಹಾಗಂತ ಯಾರೂ ಬರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ಎರಡು ಡಿಎನ್ಎ ಅಧ್ಯಯನಗಳು ಬಂದವು. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪ ಕಾಲದ ಹೆಂಗಸಿನ ಎಲುಬಿನಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನವರ ಅಂಶ ಇರಲಿಲ್ಲ. ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ಕ್ರಿ.ಪೂ. 1200ರ ನಂತರ ಹೂಳಿದವರ ಎಲುಬುಗಳಲ್ಲಿ ಇತ್ತು. ರಷ್ಯಾದಲ್ಲಿ, ದಕ್ಷಿಣ ಉರಲ್ ಬೆಟ್ಟಗಳ ಪೂರ್ವಕ್ಕೆ ಸಿಂತಾಷ್ಟಾ ಅಂತ ಒಂದು ಜಾಗ ಇದೆ. ಸುಮಾರು 4,000 ವರ್ಷಗಳ ಹಿಂದೆ ಅಲ್ಲಿ ಸತ್ತವರ ಜೊತೆ ರಥವನ್ನೂ ಹೂಳುತ್ತಿದ್ದರು. ಮರ ಕೊಳೆತುಹೋಗಿದೆ, ಚಕ್ರದ ಕಡ್ಡಿಗಳ ಅಚ್ಚು ಮಣ್ಣಿನಲ್ಲಿ ಉಳಿದಿದೆ. ಆ ಕಡೆಯಿಂದ ಪಂಜಾಬಿನವರೆಗೆ ಬರಲು ಕೆಲವು ನೂರು ವರ್ಷಗಳೇ ಹಿಡಿದಿವೆ. ಹೊರಟವರ ಮರಿಮಕ್ಕಳೂ ಇಲ್ಲಿಗೆ ತಲುಪಿರಲಾರರು. ದಂಡು ಹಾಗೆ ನಡೆಯುವುದಿಲ್ಲ ಅಲ್ವಾ? ದನ ಮೇಯಿಸುವವರು ನಡೆಯುತ್ತಾರೆ. ಹುಲ್ಲು ಕಂಡಲ್ಲಿ ನಿಲ್ಲುತ್ತಾರೆ, ಮಕ್ಕಳನ್ನು ಹೆರುತ್ತಾರೆ, ಮುದುಕರನ್ನು ಹೂಳುತ್ತಾರೆ, ಮತ್ತೆ ಏಳುತ್ತಾರೆ. ನಿಮ್ಮ ಕಥೆಯಲ್ಲಿ ಒಂದು ಕರುವೂ ಇಲ್ಲ.

‘ಹಾಲುಬಣ್ಣದ ಜನಾಂಗ’ ಎಂಬ ಸಾಲನ್ನು ಸುಮ್ನೆ ತೆಗೆದುಬಿಡಿ. ಅವರು ತಮ್ಮನ್ನು ‘ಆರ್ಯ’ ಅಂತ ಕರೆದುಕೊಂಡದ್ದು ಮಾತು ಮತ್ತು ಪೂಜೆಯ ಲೆಕ್ಕದಲ್ಲಿ.

ಇನ್ನು ನನಗೆ ತುಂಬಾ ಹಿಡಿಸಿದ ನಾಲ್ಕನೇ ಪುಟ. ಹುಡುಗ ಕುಂಟುವ ಕುದುರೆಯ ಗೊರಸು ಎತ್ತಿ, ಸಿಕ್ಕಿಕೊಂಡ ಕಲ್ಲನ್ನು ಬೆರಳಲ್ಲಿ ತೆಗೆಯುತ್ತಾನಲ್ಲ, ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಮತ್ತೆ ಮೊದಲಿಂದ ಓದಿದೆ. ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಸುಮಾರು 3,400 ವರ್ಷ ಹಳೆಯ ಮಣ್ಣಿನ ಹಲಗೆಗಳು ಸಿಕ್ಕಿವೆ. ಮಿತನ್ನಿ ದೇಶದ ಕಿಕ್ಕುಲಿ ಎಂಬಾತ ಕುದುರೆ ಪಳಗಿಸುವುದು ಹೇಗೆ ಅಂತ ಅದರಲ್ಲಿ ಹೇಳಿದ್ದಾನೆ. ಸುತ್ತುಗಳ ಲೆಕ್ಕ ಕೇಳಿ: ಐಕ, ತೇರ, ಪಂಜ, ಸತ್ತ. ನಮ್ಮ ಏಕ, ತ್ರಿ, ಪಂಚ, ಸಪ್ತದ ನೆಂಟರು! ನಿಮ್ಮ ಹುಡುಗ ಸಾವಿರ ರಥ ಬಿಟ್ಟು ಹೀಗೆ ಒಂದು ಕುದುರೆಯ ಸುತ್ತು ಎಣಿಸಲಿ.

ಅವನಿಗೆ ಇಲ್ಲಿಯವಳೇ ಒಬ್ಬಳು ಹೆಂಡತಿಯಾಗಲಿ ಅಂತಲೂ ನನ್ನ ಆಸೆ. ಋಗ್ವೇದದಲ್ಲಿ ಟ, ಡ, ಣ ಇವೆ, ಅದರ ಸೋದರ ಭಾಷೆಯಾದ ಹಳೆಯ ಇರಾನಿನ ಅವೆಸ್ತದಲ್ಲಿ ಇಲ್ಲ. ಈ ಅಕ್ಷರಗಳು ನೆಲೆಗೊಂಡದ್ದು ಇಲ್ಲಿನ ಜನರ ಒಡನಾಟದಿಂದ, ಬಹುಶಃ ನಮ್ಮ ಕನ್ನಡದ ಬಳಗದ ನುಡಿಗಳಿಂದ ಅಂತ ಅನೇಕ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮಗು ಅಮ್ಮನ ಹಾಗೆ ನಾಲಿಗೆ ಮಡಿಸಿ ‘ಣ’ ಅನ್ನುತ್ತದೆ. ಅಪ್ಪನಿಗೆ ಅದು ಬರುವುದಿಲ್ಲ. ಈ ಒಂದು ದೃಶ್ಯ ಬರೆದು ನೋಡಿ.

ಮೊದಲ ಮೂರು ಪುಟ ಬೇಡ. ಗೊರಸಿನ ಕಲ್ಲಿನಿಂದಲೇ ಶುರು ಮಾಡಿ ಕಳಿಸಿ. ಕಾಯುತ್ತಿರುತ್ತೇನೆ.